ದುಂಡವ್ವನ ಹೊಸ್ತಿಲು

ಆಕಾಶವನ್ನು ಆಗಷ್ಟೇ ಸಾರಿಸಿದ್ದರು, ಇನ್ನೂ ಆರಿರಲಿಲ್ಲ. ಅಂಥ ಹೊಸ ಕಾಲದಲ್ಲಿ ನಾನು ಅಲ್ಲಿ ಓಡಾಡುತ್ತಿದ್ದೆ. ಚಂದ್ರನ ಮೇಲೆ ಕಲೆ ಇದೆಯಲ್ಲ, ಅದು ನಾನು ಜಾರಿಬಿದ್ದು ಮೊಣಕಾಲೂರಿದ ಜಾಗ. ನಂಬದಿದ್ದರೆ ಬಾಲಚುಕ್ಕಿಯನ್ನು ಕೇಳಿ. ಅವನ ಬಾಲ ಹಿಡಿದುಕೊಂಡೇ ನಾನು ಊರೂರು ತಿರುಗಿದ್ದು. ತಲೆಮಾರಿಗೊಮ್ಮೆ ಈ ಕಡೆ ಬರುತ್ತಾನೆ, ಸ್ವಲ್ಪ ಕಾಯಬೇಕಾದೀತು ಅಷ್ಟೆ.

ಆಗ ಚುಕ್ಕಿಗಳೆಲ್ಲ ತಾಯಂದಿರು, ಬೆಳಕುಗಳೆಲ್ಲ ಹೆಣ್ಣುಮಕ್ಕಳು. ಮಗಳು ಹೊರಟು ನಿಂತರೆ ತಾಯಿ ಅವಳನ್ನು ಮಣೆಯ ಮೇಲೆ ಕೂರಿಸಿ, ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಉಡಿ ತುಂಬುತ್ತಿದ್ದಳು. ಆಮೇಲೆ ಹೋಗಿ ಬಾ ಅನ್ನುತ್ತಿದ್ದಳು. ತಾಯಿಯ ಕೈ ನಿಲ್ಲುವ ತನಕ ಮಗಳು ಏಳುವಂತಿಲ್ಲ. ಅದು ಆಕಾಶದ ಪದ್ಧತಿ.

ಎಲ್ಲರಿಗಿಂತ ದೊಡ್ಡ ಚುಕ್ಕಿ ದುಂಡವ್ವ. ಅವಳ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಹೋದರು. ಹೋದವರು ಹೋಗಿಯೇ ಬಿಟ್ಟರು. ಬೆಳಕಿನ ಜಾತಿಯೇ ಹಾಗೆ. ನೆಟ್ಟಗೆ ಓಡುವುದು ಗೊತ್ತು, ತಿರುಗಿ ಬರುವುದು ಗೊತ್ತಿಲ್ಲ.

ದುಂಡವ್ವ ಹೊಸ್ತಿಲಲ್ಲಿ ನಿಂತು ಗಾಳಿಯನ್ನು ಕೇಳಿದಳು, ನನ್ನ ಮಕ್ಕಳನ್ನು ಕಂಡೆಯಾ ಅಂತ. ಗಾಳಿ ಕಂಡಿರಲಿಲ್ಲ. ಆಕಾಶದ ಹಾಲುಹೊಳೆಯನ್ನು ಕೇಳಿದಳು. ಹೊಳೆಯೂ ಕಂಡಿರಲಿಲ್ಲ. ಕೊನೆಗೆ ನಮ್ಮ ಬಾಲಚುಕ್ಕಿಯನ್ನು ಕೇಳಿದಳು. ಅವನ ಬಾಯಿಯೂ ಬಾಲದಷ್ಟೇ ಉದ್ದ. ಕೆಲವರಿಗೆ ಊರು ಸಿಕ್ಕಿತು ದುಂಡವ್ವಾ, ಕೆಲವರು ಇನ್ನೂ ಕತ್ತಲಲ್ಲೇ ಓಡುತ್ತಿದ್ದಾರೆ ಅಂದುಬಿಟ್ಟ.

ಅವತ್ತಿನಿಂದ ದುಂಡವ್ವನ ಎದೆ ಡವಡವ ಅನ್ನತೊಡಗಿತು.

ಮನೆಯಲ್ಲಿ ಉಳಿದವಳು ಮಿಣುಕಿ ಒಬ್ಬಳೇ. ದೂರದಲ್ಲೊಂದು ಪುಟ್ಟ ಲೋಕ ಹುಟ್ಟಿದೆ, ಅದಕ್ಕೆ ತನ್ನ ಕೈ ತನಗೆ ಕಾಣದಷ್ಟು ಕತ್ತಲು ಅಂತ ಅವಳ ಕಿವಿಗೆ ಬಿದ್ದಿತ್ತು. ಅಲ್ಲಿಗೆ ಹೋಗಲೇಬೇಕು ಅಂತ ಹಟ ಹಿಡಿದು ಕೂತಳು.

ಉಡಿ ತುಂಬುವ ದಿನ ಬಂತು. ಆಕಾಶದಲ್ಲಿ ಮೊದಲು ಕರೆದದ್ದು ನನ್ನನ್ನೇ, ಆ ಮಾತು ಬಿಡಿ. ನಾನೂ ಬಾಲಚುಕ್ಕಿಯೂ ಅಂಗಳದಾಚೆ ನಿಂತಿದ್ದೆವು.

ದುಂಡವ್ವ ಒಂದು ಹಿಡಿ ಹಾಕಿದಳು. ಇನ್ನೊಂದು ಹಿಡಿ ಹಾಕಿದಳು. ದಾರಿ ದೂರ ಅಂತ ಮತ್ತೊಂದು ಹಿಡಿ. ಅಕ್ಕಿ ಮುಗಿಯಿತು, ಕೈ ನಿಲ್ಲಲಿಲ್ಲ. ಕೈ ನಿಂತರೆ ಮಗಳು ಏಳುತ್ತಾಳಲ್ಲ. ಅಂಗಳದ ಧೂಳು ಗುಡಿಸಿ ಹಾಕಿದಳು. ಬಂಡೆ ಹಾಕಿದಳು, ಬೆಟ್ಟ ಹಾಕಿದಳು. ಪಕ್ಕದಲ್ಲೊಂದು ಆರಿದ ಚುಕ್ಕಿ ಬಿದ್ದಿತ್ತು, ಅದನ್ನೂ ಕೊಬ್ಬರಿ ಬಟ್ಟಲಿನ ಹಾಗೆ ಎತ್ತಿ ಹಾಕಿದಳು.

ಮನೆ ಭಾರವಾಯಿತು. ನೆಲ ಕುಸಿಯಿತು. ಗೋಡೆಗಳು ಒಳಗೊಳಗೆ ಸರಿದವು. ಸಮನಾಗಿದ್ದ ಅಂಗಳ ಇಳಿಜಾರಾಗಿ, ಬಾಲಚುಕ್ಕಿಯ ಬಾಲ ತಾನಾಗಿ ಮನೆಯ ಕಡೆ ವಾಲಿತು. ನನಗೇನೂ ಹೆದರಿಕೆ ಆಗಲಿಲ್ಲ. ಬಾಲವನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಯವ್ವಾ, ಸಾಕು," ಅಂದಳು ಮಿಣುಕಿ. "ಏಳಾಕ ಆಗವಲ್ದು."

"ಇನ್ನೊಂದ ಹಿಡಿ, ನನ್ನವ್ವ. ಹೊರಗ ಭಾಳ ಕತ್ತಲೈತಿ."

"ಕತ್ತಲೈತಿ ಅಂತನ ಹೊಂಟೀನಿ, ಯವ್ವಾ."

ದುಂಡವ್ವನ ಕೈ ನಿಂತಿತು. ತಲೆಯೆತ್ತಿ ನೋಡಿದಳು. ಹೊಸ್ತಿಲು ಹೊಸ್ತಿಲಿನ ಜಾಗದಲ್ಲಿರಲಿಲ್ಲ. ಬಾವಿಯೊಳಗೆ ನಿಂತವರಿಗೆ ಬಾವಿಕಟ್ಟೆ ಕಂಡ ಹಾಗೆ, ಮೇಲೆ, ಬಹಳ ಮೇಲೆ ಇತ್ತು.

"ಹೋಗಿ ಬಾ, ಮಗಳ," ಅಂದಳು. "ಲಗೂನ ಓಡು."

ಮಿಣುಕಿ ಉಡಿ ಕೊಡವಿ ಓಡಿದಳು. ಬೆಳಕಿನಷ್ಟು ಜೋರಾಗಿ ಓಡುವವರು ಯಾರೂ ಇಲ್ಲ, ಹಿಂದೊಮ್ಮೆ ಅವಳೊಡನೆ ಓಡಿ ಸೋತ ನಾನೇ ಹೇಳುತ್ತಿದ್ದೇನೆ. ಆದರೆ ಉಡಿಯಿಂದ ಚೆಲ್ಲಿದ ಭಾರವೆಲ್ಲ ಮನೆಯೊಳಗೇ ಬಿತ್ತಲ್ಲ. ಜೋಳದ ರಾಶಿ ಹತ್ತಿ ನೋಡಿದ್ದೀರಾ? ಕಾಲು ಮೇಲಿಟ್ಟಷ್ಟೂ ಕಾಳು ಕೆಳಗೆ ಜಾರುತ್ತದೆ. ಅವಳು ಓಡಿದಷ್ಟೂ ನೆಲವೇ ಒಳಗೆ ಜಾರುತ್ತಿತ್ತು.

ಅವಳು ಹಿಡಿದುಕೊಳ್ಳಲಿ ಅಂತ ಬಾಲಚುಕ್ಕಿ ಬಾಲ ಇಳಿಬಿಟ್ಟ. ತುದಿ ಹೊಸ್ತಿಲು ದಾಟಿದ್ದೇ ತಡ, ಹರಿದು ಒಳಗೆ ಹೋಯಿತು. ಇನ್ನು ನಿಂತರೆ ನಾವೂ ಒಳಗೆ ಬೀಳುತ್ತೇವೆ ಅಂತ ಅವನು ನನ್ನನ್ನು ಎಳೆದುಕೊಂಡು ಓಡಿದ. ತಿರುಗಿ ನೋಡಿದೆ. ಹೊಸ್ತಿಲ ಬಳಿ ಮಿಣುಕಿಯ ಮುಖ ಕೆಂಪಗೆ ಕಂಡಿತು. ಆಮೇಲೆ ಮಸುಕಾಯಿತು. ಆಮೇಲೆ ಕಾಣಲಿಲ್ಲ.

ಸುದ್ದಿ ಕೇಳಿ ಉಳಿದ ತಾಯಂದಿರೆಲ್ಲ ನಡುಗಿದರು. ಅವತ್ತಿನಿಂದ ಅವರು ಎದೆ ಗಟ್ಟಿ ಮಾಡಿಕೊಂಡು, ಒಂದೇ ಹಿಡಿ ಹಾಕಿ ಹೋಗಿ ಬಾ ಅನ್ನುತ್ತಾರೆ. ಕತ್ತಲಲ್ಲಿದ್ದ ಆ ಪುಟ್ಟ ಲೋಕಕ್ಕೆ ಕೊನೆಗೆ ನೀವು ಸೂರ್ಯ ಅನ್ನುವ ತಾಯಿಯ ಮಗಳು ಬಂದಳು. ಬೆಳಿಗ್ಗೆ ನಿಮ್ಮ ಕಿಟಕಿಗೆ ಬರುವವಳು ಅವಳೇ.

ದೊಡ್ಡ ದುರ್ಬೀನು ತೆಗೆದ ಚಿತ್ರದಲ್ಲಿ ಉರಿಯುವ ಬಳೆಯೊಂದು ಕಾಣುತ್ತದಲ್ಲ, ಅದು ಮಿಣುಕಿಯನ್ನು ಹುಡುಕಿ ಬಂದು ಹೊಸ್ತಿಲಾಚೆಯೇ ಸುತ್ತುತ್ತಿರುವ ಬೆಳಕು. ಅದರ ನಡುವಿನ ಕಪ್ಪಿಗೆ ದೊಡ್ಡವರು ಕಪ್ಪುಕುಳಿ ಅನ್ನುತ್ತಾರೆ, ಆದರೆ ಅದು ದುಂಡವ್ವನ ಮನೆ, ಅದರೊಳಗೆ ಮಿಣುಕಿ ಇವತ್ತಿಗೂ ಹೊಸ್ತಿಲ ಕಡೆಗೆ ಓಡುತ್ತಲೇ ಇದ್ದಾಳೆ.