‘ಒಂದು’ ಕೇಳಿದ ರಜೆ

ಗ್ಯಾಸ್ ಏಜೆನ್ಸಿಯೊಂದರ ವೆಬ್ ಪುಟದಲ್ಲಿ ‘ಗ್ಯಾಸ್ ಸೋರಿದರೆ ಏನು ಮಾಡಬೇಕು’ ಎಂಬ ಪಟ್ಟಿಯಿತ್ತು. ಅದರ ತಲೆಯಲ್ಲಿ ‘ಒಂದು’ ಎಂಬ ಅಂಕಿ ನಿಂತೂ ನಿಂತೂ ಸುಸ್ತಾಗಿತ್ತು. ‘ರೆಗ್ಯುಲೇಟರ್ ಮುಚ್ಚಿ’ ಎಂಬ ಸಾಲು ಅದರ ಪಾಲಿನದು. ಗಾಬರಿಯಲ್ಲಿ ಬಂದವರ ಕಣ್ಣೆಲ್ಲ ಮೊದಲು ಬೀಳುತ್ತಿದ್ದದ್ದು ಅದರ ಮೇಲೆಯೇ.

“ನಿನಗೇನಪ್ಪ, ಆರಾಮ,” ಎಂದು ಅದು ಪಕ್ಕದ ಪಟ್ಟಿಯಲ್ಲಿ ಅಂಕಿಯ ಬದಲು ನಿಂತಿದ್ದ ಚುಕ್ಕಿಗೆ ಹೇಳಿತು. “ಮೊದಲು ನೀನೇ ಹೋಗು ಅನ್ನುವವರಿಲ್ಲ.”

“ನಮ್ಮಲ್ಲಿ ಹಿಂದೆ ಮುಂದೆ ಇಲ್ಲ ಸ್ವಾಮಿ. ಎಲ್ಲಿ ನಿಲ್ಲಿಸಿದರೂ ಚುಕ್ಕಿ ಚುಕ್ಕಿಯೇ. ನೀವೂ ರಜೆ ಹಾಕಿ.”

ಪುಟ ನೋಡಿಕೊಳ್ಳುತ್ತಿದ್ದ ಪ್ರಫುಲ್ಲಾಳಿಗೂ ಅಂಕಿಗಳು ಹಳೇ ಕಾಲದವು ಅನ್ನಿಸಿತು. ಪುಟದ ಕಂಪ್ಯೂಟರ್ ಕೋಡ್‌ನಲ್ಲಿ ಒಂದಕ್ಷರ ಬದಲಿಸಿದಳು. ಅಂಕಿಗಳು ಹೋಗಿ ಹಸಿರು ಚುಕ್ಕಿಗಳು ಬಂದವು. ‘ಒಂದು’ ಉಸ್ಸಪ್ಪಾ ಎಂದು ಮಲಗಿತು. ಇನ್ನು ಕ್ರಮವೇನೂ ಬೇಕಿಲ್ಲವಲ್ಲ ಎಂದು ಪ್ರಫುಲ್ಲಾ ‘ನಮ್ಮ ಸೇವೆಗೆ ಐದು ನಕ್ಷತ್ರ ಕೊಡಿ’ ಎಂಬುದನ್ನು ಎಲ್ಲಕ್ಕಿಂತ ಮೇಲೆ ಸೇರಿಸಿದಳು. ಸಾಲುಗಳ ಉದ್ದ ನೋಡಿ ಚೆಂದಕ್ಕೆ ಜೋಡಿಸುವಾಗ ರೆಗ್ಯುಲೇಟರಿನ ಸಾಲು ತಳ ಸೇರಿತು.

ಮರುವಾರ ಬೆಳಿಗ್ಗೆ ಒಬ್ಬ ಗೃಹಿಣಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಆ ಪುಟ ತೆರೆದಳು. ಅಡುಗೆಮನೆಯಲ್ಲಿ ಸಿಲಿಂಡರ್ ಸುಯ್ಯೆನ್ನುತ್ತಿತ್ತು.

“ಅಯ್ಯೋ, ಇದರಲ್ಲಿ ಮೊದಲು ಯಾವುದು ಮಾಡಲಿ?”

ಚುಕ್ಕಿಗಳು ಮುಖ ಮುಖ ನೋಡಿಕೊಂಡವು. “ನಾವೆಲ್ಲ ಸಮಾನರು ತಾಯಿ,” ಎಂದಿತು ಮೇಲಿನದು. “ನಿಮಗೆ ಯಾವುದು ಇಷ್ಟವೋ ಅದು.”

‘ಒಂದು’ ಧಡಕ್ಕನೆ ಎದ್ದಿತು. “ನಾನು! ಮೊದಲು ನಾನು!” ಎಂದು ಕೂಗಿಕೊಂಡಿತು. ಆದರೆ ನಿಲ್ಲಲು ಪುಟದಲ್ಲಿ ಅದಕ್ಕೆ ಜಾಗವಿರಲಿಲ್ಲ. ಗಾಬರಿಯಲ್ಲಿ ಆಕೆಯ ಬೆರಳು ಆಗಲೇ ನಕ್ಷತ್ರ ಒತ್ತುತ್ತಿತ್ತು.