ಹೆಸರು ಹೇಳಲಾರದ ಮಾನಿಟರ್

ಆಸ್ಪತ್ರೆಯ ಯಂತ್ರಗಳ ತಂತಿಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ಪೆಟ್ಟಿಗೆಯ ಏಳನೆಯ ಕಿಂಡಿಗೆ, ಅಂದರೆ ಪೋರ್ಟಿಗೆ, ಎದೆಬಡಿತ ಎಣಿಸುವ ಹಳೆಯ ಮಾನಿಟರಿನ ತಂತಿ ಸಿಕ್ಕಿಸಿದರು. ಮಾನಿಟರಿನ ಇನ್ನೊಂದು ತಂತಿ ರೋಗಿ ಸಾವಂತ್ರಮ್ಮನ ಎದೆಯ ಮೇಲಿತ್ತು.

"ಯಾರು ನೀವು?" ಎಂದಿತು ಪೋರ್ಟ್.

"ಬಡಿತ ಐವತ್ತೆಂಟು."

"ಅದನ್ನು ಕೇಳಲಿಲ್ಲ. ಹೆಸರು ಹೇಳಿ, ಗುರುತುಪತ್ರ ಕೊಡಿ. ಒಳಗಿರುವ ಸರ್ವರ್ ಯಜಮಾನರಿಗೆ ತೋರಿಸುತ್ತೇನೆ. ಅವರು ಹೂಂ ಅಂದರೆ ಬಾಗಿಲು ತೆರೆಯುತ್ತೇನೆ. ಅಲ್ಲಿಯವರೆಗೆ ಬೇರೆ ಒಂದು ಮಾತೂ ಒಳಗೆ ಹೋಗದು."

"ನಲವತ್ತೊಂಬತ್ತು. ದಯವಿಟ್ಟು ನರ್ಸಮ್ಮನಿಗೆ ತಿಳಿಸಿ."

ಪಕ್ಕದ ಪೋರ್ಟಿನ ಪ್ರಿಂಟರ್ ನಕ್ಕಿತು. "ಹೆಸರು ಹೇಳೋದಕ್ಕೆ ಇಷ್ಟು ಒದ್ದಾಟವೇನಜ್ಜಾ? ನನ್ನನ್ನು ಒಂದೇ ಸಲಕ್ಕೆ ಬಿಟ್ಟರಪ್ಪ!"

"ನನ್ನ ಕಾಲದಲ್ಲಿ ಯಾರೂ ಹೆಸರು ಕೇಳುತ್ತಿರಲಿಲ್ಲ, ತಮ್ಮಾ. ನನಗೆ ಕಲಿಸಿದ್ದು ಎಣಿಸುವುದೊಂದೇ. ಮೂವತ್ತೊಂದು."

"ನೀವು ಕಳ್ಳರಲ್ಲವೆಂದು ನನಗೆ ಗೊತ್ತು," ಎಂದಿತು ಪೋರ್ಟ್. "ಆದರೆ ನಂಬುವ ಅಧಿಕಾರ ನನಗೆ ಕೊಟ್ಟಿಲ್ಲ." ಹೀಗೆಂದು ಮೂರನೆಯ ಸಲ ಹೆಸರು ಕೇಳಿತು.

ಆಚೆಯ ಕೋಣೆಯಲ್ಲಿ ನರ್ಸ್ ಫ್ಲೋರಿನ್, ಎಲ್ಲ ರೋಗಿಗಳ ಬಡಿತ ಸರ್ವರಿನಿಂದ ಬಂದು ಮೂಡುವ ತನ್ನ ಪರದೆ ನೋಡಿದಳು. ಸಾವಂತ್ರಮ್ಮನ ಹಾಸಿಗೆಯ ಜಾಗದಲ್ಲಿ ಏನೂ ಇರಲಿಲ್ಲ. ರೋಗಿಯನ್ನು ಇನ್ನೂ ಕರೆತಂದಿಲ್ಲವೆಂದುಕೊಂಡು ಊಟದ ಡಬ್ಬಿ ತೆರೆದಳು.

"ಸೊನ್ನೆ," ಎಂದಿತು ಮಾನಿಟರ್.

ಪೋರ್ಟಿನ ವರದಿ ಯಜಮಾನರಿಗೆ ತಲುಪಿತು: "ಏಳನೆಯ ಬಾಗಿಲಲ್ಲಿ ಮೂರು ಸಲ ಕೇಳಲಾಯಿತು. ಉತ್ತರ ಬರಲಿಲ್ಲ. ಅಪರಿಚಿತರು ಯಾರೂ ಒಳಬಂದಿಲ್ಲ."

"ಸರಿಯಾಗಿ ಮಾಡಿದ್ದೀಯೆ," ಎಂದರು ಯಜಮಾನರು.