ಅರಸರ ದಮ್ಮು ತಡೆದ ಕಳ್ಳ

ಕಣಿವೆಕೋಟೆಯ ನಾಲ್ಕೂ ಬಾಗಿಲಲ್ಲಿ ಡಂಗುರ ಹೊಡೆದು ಸಾರಿದರು: ಅರಸ ಇಮ್ಮಡಿರಾಯರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಬೇಡಿದ್ದನ್ನು ಕೊಡುತ್ತಾರೆ, ತಪ್ಪಿದವರ ತಲೆ ತೆಗೆಸುತ್ತಾರೆ. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ ಕಾವಲಿನ ಓಬಯ್ಯನ ತಲೆಯೂ ಹೋಗುತ್ತದೆ.

ಅರಮನೆಯ ಬಚ್ಚಲು ತೊಳೆಯುವ ದುಗ್ಗಪ್ಪ ಇದನ್ನು ಕೇಳಿ ಪೊರಕೆ ಕೆಳಗಿಟ್ಟ. ಓಬಯ್ಯ ಅವನ ಒಡಹುಟ್ಟಿದ ಅಣ್ಣ. ವೈದ್ಯರ ಮಾತಿನಂತೆ ಅರಸರು ಆರು ತಿಂಗಳಿಂದ ದಿನಾ ಬೆಳಗ್ಗೆ ಓಬಯ್ಯನ ಜೊತೆ ಕೋಟೆಗುಡ್ಡ ಓಡಿ ಹತ್ತುತ್ತಿದ್ದರು. ಓಬಯ್ಯನ ದಮ್ಮು, ಉಸಿರಿನ ಕಸುವು, ಬೆಳೆಯುತ್ತ ಹೋಯಿತು. ಅರಸರಿಗೆ ಮಾತ್ರ ಮೊದಲ ದಿನದ ಏದುಸಿರೇ ಉಳಿಯಿತು. ಇವನೇ ಮಾಟ ಮಾಡಿದ್ದಾನೆಂದು ಯಾರೋ ಕಿವಿಯೂದಿದರು. ಓಬಯ್ಯ ಸೆರೆಮನೆ ಸೇರಿದ.

ಅರಸರ ದಮ್ಮು ತಡೆದ ಕಳ್ಳ ಯಾರೆಂಬ ಮೊದಲ ಒಗಟಿಗೆ, ಮೊದಲು ಬಂದ ಪಂಡಿತರೊಬ್ಬರು ಅದು ಮುಪ್ಪು ಎಂದರು. ಅರಸರಿಗಿನ್ನೂ ನಲವತ್ತು. ಆಮೇಲೆ ಬಂದ ದಳವಾಯಿಯ ಮಗ ಭಯವೆಂದ. ಸಾಕ್ಷಿ ಕೇಳಿದರೆ ಇಬ್ಬರಲ್ಲೂ ಇರಲಿಲ್ಲ. ಹುಣ್ಣಿಮೆಯ ನಂತರ ತಲೆ ತೆಗೆಸಲೆಂದು ಅವರನ್ನೂ ಸೆರೆಮನೆಗೆ ಎಳೆದೊಯ್ದರು. ದುಗ್ಗಪ್ಪನಿಗೆ ಉತ್ತರ ಗೊತ್ತಿತ್ತು. ಆದರೆ ಅದನ್ನು ತುಂಬಿದ ಸಭೆಯಲ್ಲಿ ಹೇಗೆ ಹೇಳುವುದು? ನಾಲ್ಕು ದಿನ ಸಭೆಯ ಬಾಗಿಲವರೆಗೆ ಹೋಗಿ ಹಿಂದಿರುಗಿದ. ಹುಣ್ಣಿಮೆಯ ಹಿಂದಿನ ಬೆಳಗ್ಗೆ ಒದ್ದೆ ಪಂಚೆಯಲ್ಲೇ ಹೋಗಿ ಕೈಮುಗಿದು ನಿಂತ.

ಅರಸರು ಕೇಳಿದರು, "ಇಬ್ಬರು ಒಂದೇ ಗುಡ್ಡ ಓಡಿದರು. ಒಬ್ಬನಿಗೆ ದಮ್ಮು ಬಂತು, ಇನ್ನೊಬ್ಬನಿಗೆ ಬರಲಿಲ್ಲ. ತಡೆದ ಕಳ್ಳ ಯಾರು?"

"ಸಿಹಿಯೇ ಆ ಕಳ್ಳ, ಬುದ್ಧೀ. ತಮ್ಮ ರಕ್ತದಲ್ಲಿ ಸಿಹಿ ಹೆಚ್ಚಾಗಿದೆ."

"ಸಾಕ್ಷಿ?"

ದುಗ್ಗಪ್ಪ ನೆಲ ನೋಡುತ್ತ ಹೇಳಿದ, "ತಾವು ಮೂತ್ರಕ್ಕೆ ಹೋದ ಕಡೆ ಇರುವೆ ಸಾಲುಗಟ್ಟುತ್ತವೆ. ದಿನಾ ತೊಳೆಯುವವನು ನಾನು. ನಮ್ಮವ್ವನಿಗೂ ಹೀಗೇ ಇತ್ತು, ಮದ್ದು ಕೊಡುತ್ತಿದ್ದ ಅಜ್ಜಿ ಎಲ್ಲ ಬಿಡಿಸಿ ಹೇಳಿದ್ದಳು."

ಅರಸರ ಮುಖ ಕಪ್ಪಿಟ್ಟಿತು. ಆಳೊಬ್ಬ ಹೋಗಿ ನೋಡಿ ಬಂದು ಹೌದೆಂದು ತಲೆಯಾಡಿಸಿದ.

ಅರಸರು ಎರಡನೆಯ ಒಗಟು ಕೇಳಿದರು, "ನಾಲ್ಕಾಳಿನ ಊಟ ಉಣ್ಣುತ್ತೇನೆ, ಆದರೂ ಕಾಲಿಗೆ ತ್ರಾಣವಿಲ್ಲ. ಉಂಡದ್ದು ಎಲ್ಲಿ ಹೋಗುತ್ತದೆ?"

"ರಕ್ತದಲ್ಲೇ ನಿಂತುಬಿಡುತ್ತದೆ. ಬಾಗಿಲು ತೆರೆಯದೆ ಮನೆಯೊಳಗಿನವರು ಹಸಿದಿರುವಾಗ ಅಂಗಳದಲ್ಲಿ ಅನ್ನ ಚೆಲ್ಲಿದ ಹಾಗೆ. ಓಡಿದಾಗ ಕಾಲಿನ ಮಾಂಸದೊಳಗೆ ರಕ್ತಕ್ಕೆ ಹೊಸ ಕಾಲುವೆ ಮೂಡಬೇಕು. ಸಿಹಿ ಅದಕ್ಕೆ ಬಿಡುವುದಿಲ್ಲ. ಪಾಕದಲ್ಲಿ ಅದ್ದಿ ಒಣಗಿಸಿದ ಬಟ್ಟೆಯಂತೆ ಮಾಂಸ ಗಡುಸಾಗುತ್ತದೆ."

ಮೂರನೆಯದನ್ನು ಕೇಳುವಾಗ ಅರಸರ ದನಿ ತಗ್ಗಿತು. "ಓಡಿದರೆ ಫಲವಿಲ್ಲ, ಕೂತರೆ ಕೇಡು. ನಾನು ಓಡಲೋ, ಕೂರಲೋ?"

"ಎರಡೂ ಅಲ್ಲ. ಮೊದಲು ಸಿಹಿ ಇಳಿಸಿ. ಬೆಲ್ಲದ ಪಾನಕ, ಹೋಳಿಗೆ ಬಿಡಿ. ಅನ್ನ ಕಡಿಮೆ ಮಾಡಿ, ಕಾಳು ಸೊಪ್ಪು ಉಣ್ಣಿ. ನಡೆಯುವುದನ್ನು ಮಾತ್ರ ಬಿಡಬೇಡಿ, ಅದರಿಂದಲೂ ಸಿಹಿ ಇಳಿಯುತ್ತದೆ. ಆಮೇಲೆ ಓಟ ಕೈಹಿಡಿಯುತ್ತದೆ."

ಅರಸರು, ಮೂರು ತಿಂಗಳು ಹೀಗೇ ಮಾಡಿ ನೋಡುವುದಾಗಿಯೂ ದಮ್ಮು ಬಾರದಿದ್ದರೆ ಅಣ್ಣತಮ್ಮ ಇಬ್ಬರ ತಲೆಯೂ ಹೋಗುವುದೆಂದೂ ಹೇಳಿದರು.

ಆ ಮೂರು ತಿಂಗಳು ದುಗ್ಗಪ್ಪ ದಿನಾ ಬೆಳಗ್ಗೆ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಇರುವೆ ನೋಡಿದ. ಮೊದಲ ತಿಂಗಳು ಸಾಲು ಹಾಗೇ ಇತ್ತು. ಅವನು ಹೆಂಡತಿಗೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿರಲು ಹೇಳಿದ. ಎರಡನೆಯ ತಿಂಗಳು ಸಾಲು ತೆಳುವಾಯಿತು. ಮೂರನೆಯದರಲ್ಲಿ ಒಂದೂ ಇಲ್ಲ. ಆದರೂ ನೆಮ್ಮದಿಯಿಲ್ಲ, ಗುಡ್ಡ ಹತ್ತಬೇಕಾದವರು ಅರಸರು.

ಗಡುವಿನ ದಿನ ಅರಸರು ಓಡಿದರು. ನಡುವೆ ಎಲ್ಲೂ ಕೂರದೆ ತುದಿ ಮುಟ್ಟಿ ಇಳಿದು ಬಂದು, ಏನು ಬೇಕೋ ಕೇಳು ಎಂದರು. ದುಗ್ಗಪ್ಪ ಸೆರೆಮನೆಯ ಕಡೆ ಕೈತೋರಿಸಿದ.

ಓಬಯ್ಯ, ಪಂಡಿತರು, ದಳವಾಯಿಯ ಮಗ ಮೂವರೂ ಬಿಡುಗಡೆಯಾದರು. ಅರಸರು ದುಗ್ಗಪ್ಪನಿಗೆ ಕೆರೆಯ ಕೆಳಗಿನ ಗದ್ದೆಯನ್ನೂ ಅರಮನೆಯ ವೈದ್ಯರ ಪಕ್ಕದಲ್ಲಿ ಆಸನವನ್ನೂ ಕೊಟ್ಟರು. ಮರುದಿನ ಅರಸರೂ ಓಬಯ್ಯನೂ ಮತ್ತೆ ಗುಡ್ಡ ಹತ್ತಿದರು. ಸೆರೆಯಲ್ಲಿ ಕೂತು ಕೂತು ಓಬಯ್ಯನ ದಮ್ಮು ಹೋಗಿತ್ತು. ಅರ್ಧ ದಾರಿಯಲ್ಲೇ ಸೊಂಟ ಹಿಡಿದು ನಿಂತ. ಅರಸರು ಹಿಂದಿರುಗಿ ಬಂದು, ಅವನ ಉಸಿರು ಹತೋಟಿಗೆ ಬರುವವರೆಗೆ ಜೊತೆಯಲ್ಲೇ ಕಾದು ನಿಂತರು.